ಸೋತರೂ 3 ಅಂಕ ಬಂದದ್ದು ಸರಿಯೇ
ಒಳಾಂಗಣ ಕ್ರಿಕೆಟ್ ಪಂದ್ಯದಲ್ಲಿ 22 ರನ್‌ಗಳಿಂದ ಸೋತ ನಿಮ್ಮ ತಂಡಕ್ಕೂ 3 ಅಂಕ ಹೇಗೆ ಬಂತೆಂದು ಕೇಳಿದ್ದೀರಿ. ಅದು ನೀವು ದುಡಿದೇ ಪಡೆದದ್ದು. ಈ ಆಟದಲ್ಲಿ ಪ್ರತಿ ತಂಡದ 8 ಮಂದಿ 4 ಜೋಡಿಗಳಾಗಿ ತಲಾ 4 ಓವರ್ ಆಡುತ್ತಾರೆ. ನಿಮ್ಮ ಮೊದಲ ಜೋಡಿಯ ರನ್ನನ್ನು ಎದುರಾಳಿಯ ಮೊದಲ ಜೋಡಿಯದರೊಂದಿಗೆ, ಎರಡನೆಯದನ್ನು ಎರಡನೆಯದರೊಂದಿಗೆ ಹೋಲಿಸುತ್ತಾರೆ. ಹೆಚ್ಚು ಗಳಿಸಿದವರಿಗೆ ಒಂದು ‘ಸ್ಕಿನ್’, ಅಂದರೆ 1 ಅಂಕ. ಆಸ್ಟ್ರೇಲಿಯಾದ ಲೀಗ್‌ಗಳಲ್ಲಿ ಸಾಮಾನ್ಯವಾಗಿ ಪಂದ್ಯ ಗೆದ್ದವರಿಗೆ ಇನ್ನೂ 3 ಅಂಕ. ನೀವು ಮೂರು ಸ್ಕಿನ್ ಗೆದ್ದಿದ್ದೀರಿ, ಅವರು ಒಂದು. ಆದ್ದರಿಂದ 4–3.

ನಿಮ್ಮ ಕೊನೆಯ ಜೋಡಿ 5 ಬಾರಿ ಔಟಾಯಿತು ಎಂದಿದ್ದೀರಲ್ಲ, ಪಂದ್ಯ ಕೈತಪ್ಪಿದ್ದು ಅಲ್ಲೇ. ಔಟಾದವರು ಇಲ್ಲಿ ಹೊರನಡೆಯುವುದಿಲ್ಲ, ಪ್ರತಿ ಸಲವೂ 5 ರನ್ ಕಳೆಯುತ್ತಾರೆ. ಹಾಗಾಗಿ ಅಂಗಳದ ಸುತ್ತಲಿನ ಬಲೆಗೆ ಬಲವಾಗಿ ಹೊಡೆಯುವುದಕ್ಕಿಂತ ಮೆಲ್ಲಗೆ ತಳ್ಳಿ ಓಡುವುದನ್ನು ದಯವಿಟ್ಟು ಅಭ್ಯಾಸ ಮಾಡಿಸಿ.