ಸಾಮಾನ್ಯ ಸಂಬಳದವರು ಡಿಸೈನರ್ ವಸ್ತುಗಳನ್ನು ಕೊಳ್ಳುತ್ತಾರೆಯೇ?

ನಮಸ್ಕಾರ. ತಮ್ಮಷ್ಟೇ ಸಂಬಳ ಪಡೆಯುವ ಸಹೋದ್ಯೋಗಿಗಳು ದುಬಾರಿ ವಿದೇಶಿ ಬ್ರ್ಯಾಂಡುಗಳ ವಸ್ತುಗಳನ್ನು ನಿಜಕ್ಕೂ ಕೊಳ್ಳುತ್ತಾರೆಯೇ ಎಂದು ತಾವು ಕೇಳಿದ್ದೀರಿ. ಕೊಳ್ಳುವವರು ಖಂಡಿತ ಇದ್ದಾರೆ. ಆದರೆ ನಾನು ಕಂಡಂತೆ ಅವರಲ್ಲಿ ಹೆಚ್ಚಿನವರು ಕೊಳ್ಳುವುದು ಉಡುಪನ್ನಲ್ಲ, ಆ ಹೆಸರನ್ನು ಹೊತ್ತ ಸಣ್ಣ ವಸ್ತುಗಳನ್ನು. ಉದಾಹರಣೆಗೆ, ಇಟಲಿಯ ದುಬಾರಿ ಬ್ರ್ಯಾಂಡಾದ ಪ್ರಾಡಾದ ಹೆಸರಿನ ಕನ್ನಡಕಗಳನ್ನು ಪರವಾನಗಿ ಪಡೆದ ಎಸಿಲೋರ್‌ಲಕ್ಸೋಟಿಕಾ ಸಂಸ್ಥೆಯೂ ಸುಗಂಧದ್ರವ್ಯಗಳನ್ನು ಲೋರಿಯಲ್ ಸಂಸ್ಥೆಯೂ ತಯಾರಿಸುತ್ತವೆ. ಲಕ್ಷಾಂತರ ರೂಪಾಯಿಯ ಬ್ಯಾಗನ್ನು ಎಂದೂ ಕೊಳ್ಳಲಾಗದವರಿಗೂ ಆ ಹೆಸರು ಕೆಲವು ಸಾವಿರಕ್ಕೆ ದೊರೆಯುವುದು ಇಂತಹ ಏರ್ಪಾಡಿನಿಂದಲೇ. 2021ರ ಆಗಸ್ಟ್‌ನಲ್ಲಿ ಹೆಸರಾಂತ ವಸ್ತ್ರವಿನ್ಯಾಸಕ ಸಬ್ಯಸಾಚಿ ಅವರು ಸಾಮಾನ್ಯ ಬೆಲೆಯ ಉಡುಪುಗಳ ಮಳಿಗೆ ಸರಣಿಯಾದ ಎಚ್ ಅಂಡ್ ಎಂ ಜೊತೆ ಸೇರಿ ತಂದ ಉಡುಪುಗಳು, 9,999 ರೂಪಾಯಿಯ ಸೀರೆಯೂ ಸೇರಿದಂತೆ, ಬಹುಬೇಗ ಮಾರಾಟವಾದದ್ದು ಈ ಆಸೆ ಎಷ್ಟು ವ್ಯಾಪಕವಾಗಿದೆ ಎಂಬುದಕ್ಕೆ ಸಾಕ್ಷಿ.

ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಮದುವೆಗೆಂದು ಒಂದು ತಿಂಗಳ ಸಂಬಳವನ್ನೇ ಕೊಟ್ಟು ಅಪ್ಪಟ ಜರಿಯ ಮೈಸೂರು ರೇಷ್ಮೆ ಸೀರೆ ತರುವ ಮನೆಗಳು ನಮ್ಮಲ್ಲಿ ಹಿಂದಿನಿಂದಲೂ ಇವೆ, ಮತ್ತು ಆ ಸೀರೆ ಮುಂದಿನ ತಲೆಮಾರಿಗೂ ಬರುತ್ತದೆ. ನನ್ನನ್ನು ನಿಜವಾಗಿ ಕಾಡುವುದು ಸಾಲದ ಖರೀದಿ. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಪೂರ್ತಿ ತೀರಿಸದೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ, ತಿಂಗಳಿಗೆ ಶೇಕಡಾ 3ರಿಂದ 3.5ರಷ್ಟು ಬಡ್ಡಿ ಸೇರಿ, ವರ್ಷಕ್ಕೆ ಅದು ಸುಮಾರು ಶೇಕಡಾ 40ನ್ನು ತಲುಪಬಹುದು. ಸಹೋದ್ಯೋಗಿಗಳ ಬ್ಯಾಗು ಅಸಲಿಯೋ ನಕಲಿಯೋ, ಸ್ವಂತ ದುಡ್ಡಿನದೋ ಕಂತಿನದೋ ಎಂಬುದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲವಾದ್ದರಿಂದ, ಅದನ್ನು ಕಂಡು ತಾವು ತಮ್ಮ ಸಂಬಳವನ್ನು ಕಡಿಮೆಯೆಂದು ಭಾವಿಸಬೇಕಾಗಿಲ್ಲ.