ಕ್ಷಿಪಣಿ ಹಾರಿಸದೆ ವಿಮಾನ ‘ಬಿದ್ದದ್ದು’ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: 2015ರಲ್ಲಿ ಇಂಗ್ಲೆಂಡಿನ ‘ಇಂದ್ರಧನುಷ್’ ಸಮರಾಭ್ಯಾಸದಲ್ಲಿ ನಮ್ಮ ಸುಖೋಯ್ ಯುದ್ಧವಿಮಾನಗಳು ಬ್ರಿಟನ್ನಿನ ಟೈಫೂನ್ ಯುದ್ಧವಿಮಾನಗಳನ್ನು 12–0ಯಿಂದ ಸೋಲಿಸಿದವು ಎಂದು ಓದಿದ್ದೆ. ನಿಜವಾದ ಕ್ಷಿಪಣಿ ಹಾರಿಸದೆ ಈ ಲೆಕ್ಕ ಹೇಗೆ? ಭಾರತದಲ್ಲಿ ಹಲವು ದೇಶಗಳು ಸೇರಿ ನಡೆಸಿದ ‘ತರಂಗ ಶಕ್ತಿ’ ಸಮರಾಭ್ಯಾಸದಲ್ಲೂ ಹೀಗೇ ಅಂಕ ಕೊಟ್ಟರೇ?
– ಓದುಗರೊಬ್ಬರು, ತುಮಕೂರು

ಉತ್ತರ: 12–0 ಎಂಬುದು ನಮ್ಮ ಕಡೆಯವರು ಹೇಳಿದ್ದು, ಬ್ರಿಟಿಷ್ ವಾಯುಪಡೆ ಅದನ್ನು ಒಪ್ಪಲಿಲ್ಲ. ಅದೂ ಕಣ್ಣಿಗೆ ಕಾಣುವಷ್ಟು ಹತ್ತಿರದ ಡಾಗ್‌ಫೈಟ್‌ಗಳ ಲೆಕ್ಕ ಮಾತ್ರ.

ಲೆಕ್ಕ ಹಾಕುವ ಬಗೆ ಹೀಗಿದೆ. ರೆಕ್ಕೆಯ ಕೆಳಗೆ ತರಬೇತಿ ಕ್ಷಿಪಣಿ ಇರುತ್ತದೆ. ಅದರ ಮೂತಿಯಲ್ಲಿರುವ, ಗುರಿ ಹುಡುಕುವ ಸೀಕರ್ ಅಸಲಿ, ಆದರೆ ಮೋಟಾರೂ ಇಲ್ಲ, ಸಿಡಿತಲೆಯೂ ಇಲ್ಲ. ಎದುರಾಳಿಯ ಎಂಜಿನ್ನಿನ ಶಾಖವನ್ನು ಅದು ಹಿಡಿದ ಕೂಡಲೇ ಪೈಲಟ್‌ನ ಹೆಲ್ಮೆಟ್ಟಿನಲ್ಲಿ ಗುಂಯ್ ಎಂಬ ಸದ್ದು ಕೇಳುತ್ತದೆ. ಅವರು ಟ್ರಿಗರ್ ಒತ್ತಿ ರೇಡಿಯೊದಲ್ಲಿ ಕೂಗಿ ಹೇಳುತ್ತಾರೆ. ಪ್ರತಿ ವಿಮಾನಕ್ಕೂ ಕಟ್ಟಿರುವ ‘ಪಾಡ್’ ಎಂಬ ಇನ್ನೊಂದು ಉಪಕರಣ ವಿಮಾನದ ಸ್ಥಾನ, ಎತ್ತರ, ವೇಗವನ್ನು ಕ್ಷಣಕ್ಷಣವೂ ದಾಖಲಿಸುತ್ತದೆ. ಆ ಕೋನ, ಆ ದೂರದಿಂದ ಹೊರಟ ಕ್ಷಿಪಣಿ ಗುರಿ ಮುಟ್ಟುತ್ತಿತ್ತೇ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಮುಟ್ಟುತ್ತಿತ್ತು ಎಂದಾದರೆ ಆ ವಿಮಾನ ‘ಸತ್ತಂತೆ’, ಕಣದಿಂದ ಆಚೆ ಹೋಗಬೇಕು. ಯಾರಿಗೇ ಅಪಾಯ ಕಂಡರೂ ‘ನಾಕ್ ಇಟ್ ಆಫ್’ ಎಂದರೆ ಸಾಕು, ಎಲ್ಲರೂ ಕಾದಾಟ ನಿಲ್ಲಿಸುತ್ತಾರೆ.

ಹೀಗೆ ಬಂದ ಅಂಕವನ್ನು ನಿಯಮ ಬಿಟ್ಟು ಓದಬಾರದು. 2004ರಲ್ಲಿ ಗ್ವಾಲಿಯರ್‌ನಲ್ಲಿ ನಡೆದ ಸಮರಾಭ್ಯಾಸದಲ್ಲಿ ಅಮೆರಿಕದ ಎಫ್-15ಗಳ ಎದುರು ನಮ್ಮವರು ಮೇಲುಗೈ ಸಾಧಿಸಿದರು. ಅಲ್ಲಿ ಅಮೆರಿಕನ್ನರ ಸಂಖ್ಯೆ ಕಡಿಮೆಯಿತ್ತು, ಅವರ ದೂರಗಾಮಿ ಕ್ಷಿಪಣಿಯನ್ನು ಬಳಸದಿರಲು ಒಪ್ಪಂದವಿತ್ತು. ಆದರೂ ಹಳೆಯ ಮಿಗ್-21 ಬೈಸನ್ನನ್ನು ನಮ್ಮ ಪೈಲಟ್‌ಗಳು ಬಳಸಿದ ಜಾಣ್ಮೆ ಅವರನ್ನು ಬೆರಗುಗೊಳಿಸಿತು. ನನಗೆ ಹೆಮ್ಮೆ ಇರುವುದು ಆ ಜಾಣ್ಮೆಯ ಬಗ್ಗೆ.

ನಿಜವಾದ ಕಲಿಕೆ ನಡೆಯುವುದು ಇಳಿದ ಮೇಲೆ. ಎರಡೂ ಕಡೆಯವರು ಕೂತು ದಾಖಲೆಯನ್ನು ಪರದೆಯ ಮೇಲೆ ಓಡಿಸಿ, ಎಲ್ಲಿ ತಡವಾಯಿತು, ಯಾರನ್ನು ಯಾರು ನೋಡಲಿಲ್ಲ ಎಂದು ಒಂದೊಂದೇ ತಿರುವನ್ನು ಬಿಡಿಸುತ್ತಾರೆ. ವಿಯೆಟ್ನಾಂ ಯುದ್ಧದಲ್ಲಿ ಪೈಲಟ್‌ಗಳು ಹೆಚ್ಚಾಗಿ ಬಲಿಯಾದದ್ದು ಮೊದಲ ಹತ್ತು ಹಾರಾಟಗಳಲ್ಲಿ. ಆ ಹತ್ತನ್ನು ತರಬೇತಿಯಲ್ಲೇ ಮುಗಿಸಲೆಂದು ಅಮೆರಿಕ 1975ರಲ್ಲಿ ನೆವಾಡಾದ ನೆಲ್ಲಿಸ್ ನೆಲೆಯಲ್ಲಿ ‘ರೆಡ್ ಫ್ಲ್ಯಾಗ್’ ಸಮರಾಭ್ಯಾಸ ಶುರುಮಾಡಿತು.

ಇನ್ನು ತರಂಗ ಶಕ್ತಿ. 2024ರಲ್ಲಿ ಮೊದಲು ಕೊಯಮತ್ತೂರಿನ ಬಳಿಯ ಸೂಲೂರಿನಲ್ಲಿ, ಆಮೇಲೆ ಜೋಧಪುರದಲ್ಲಿ ನಡೆಯಿತು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ತೇಜಸ್ ಯುದ್ಧವಿಮಾನ ಸೂಲೂರಿನಲ್ಲಿ ಜರ್ಮನಿ, ಫ್ರಾನ್ಸ್, ಸ್ಪೇನ್, ಬ್ರಿಟನ್ನಿನ ವಿಮಾನಗಳ ಜತೆ ಹಾರಿತು. ಇಂಥ ದೊಡ್ಡ ಅಭ್ಯಾಸಗಳಲ್ಲಿ ಸಾಮಾನ್ಯವಾಗಿ ದೇಶ ದೇಶದ ನಡುವೆ ಪಂದ್ಯವಿರುವುದಿಲ್ಲ. ಹಲವು ದೇಶಗಳ ವಿಮಾನಗಳನ್ನು ಬೆರೆಸಿ ಎದುರಾಳಿಯ ಪಾತ್ರಕ್ಕೆ ಕೆಂಪು ಪಡೆ, ಅದರ ವಿರುದ್ಧ ನೀಲಿ ಪಡೆ ಕಟ್ಟುತ್ತಾರೆ. ಹಾಗಾಗಿ ಅಲ್ಲಿ ಒಂದು ದೇಶದ ಹೆಸರಿಗೆ ಬರೆಯುವಂಥ ಅಂಕವೇ ಹುಟ್ಟುವುದಿಲ್ಲ.