ಜಿಎನ್‌ಎಂ ಮಾಡ್ಲಾ, ಬಿಎಸ್ಸಿ ನರ್ಸಿಂಗ್ ಮಾಡ್ಲಾ? ಮೊದಲು ಆಸ್ಪತ್ರೆ ನೋಡಿ ಬನ್ನಿ

ತೀರ್ಥಹಳ್ಳಿಯಲ್ಲಿ ಪಿಯುಸಿ ಸೈನ್ಸ್ ಮುಗಿಸಿದ್ದೀರಿ. ಏಜೆಂಟ್ ಒಬ್ಬರು ಬೆಂಗಳೂರಿನಲ್ಲಿ ನರ್ಸಿಂಗ್ ಸೀಟು ಕೊಡಿಸುತ್ತೇನೆ ಅಂದಿದ್ದಾರೆ. ಡಾಕ್ಟರ್ ಹೇಳಿದ್ದನ್ನು ಮಾಡುವ ಕೆಲಸಕ್ಕೆ 4 ವರ್ಷದ ಬಿಎಸ್ಸಿ ಯಾಕೆ, 3 ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ) ಸಾಕಲ್ವಾ ಅಂತ ನಿಮ್ಮ ಪ್ರಶ್ನೆ. ನೀವು ಬರೆದದ್ದನ್ನು ಓದುತ್ತಾ ಓದುತ್ತಾ ನನ್ನದೇ ಕಥೆ ಅನ್ನಿಸಿತು.

ನಾನು ಹೊಸನಗರದ ಕಡೆಯವಳು. ನಮ್ಮ ಮನೆಗೂ ಏಜೆಂಟ್ ಬಂದಿದ್ದರು. ಹೊಸ ಕಟ್ಟಡ, ಹಾಸ್ಟೆಲ್, ಕಾಲೇಜು ಬಸ್ಸು, ಎಲ್ಲದರ ಫೋಟೋ ತೋರಿಸಿದರು. ಅಪ್ಪ ಅಡಿಕೆ ಮಾರಿ ಫೀಸ್ ಕಟ್ಟಿದರು. ಈ ಕಾಲೇಜಿನ ಆಸ್ಪತ್ರೆ ಎಲ್ಲಿದೆ, ಅಲ್ಲಿಗೆ ರೋಗಿಗಳು ಬರ್ತಾರಾ ಅಂತ ನಾನು ಕೇಳಲೇ ಇಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಕೇಳಿಲ್ಲ. ಬಿಎಸ್ಸಿ ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಆಸ್ಪತ್ರೆ ಇರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು ಅಂತ ನರ್ಸಿಂಗ್ ಕೌನ್ಸಿಲ್ ನಿಯಮ ಇದೆ. ನಮ್ಮಲ್ಲಿ ಹಾಸಿಗೆ ಇದ್ದವು, ರೋಗಿಗಳು ಇರಲಿಲ್ಲ. ಬೇರೆ ಆಸ್ಪತ್ರೆಗೆ ಪೋಸ್ಟಿಂಗ್ ಹಾಕಿದರೆ ಅಲ್ಲಿ ಬೇರೆ ಬೇರೆ ಕಾಲೇಜಿನವರೆಲ್ಲ ಒಂದೇ ಬೆಡ್ ಸುತ್ತ ನಿಂತಿರುತ್ತಿದ್ದೆವು, ಮುಂದಿದ್ದವರಿಗೆ ಕ್ಯಾನುಲಾ (ಔಷಧಿ, ಡ್ರಿಪ್ ಕೊಡಲು ನರಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವುದು ಕಾಣುತ್ತಿತ್ತು, ಹಿಂದಿದ್ದವರಿಗೆ ಏನೂ ಇಲ್ಲ. ನಮ್ಮ ಟೀಚರ್ ಹಾಜರಿ ಹಾಕಿಕೊಂಡು ಹೋಗಿಬಿಡುತ್ತಿದ್ದರು. ಮಾಡದ ಪ್ರೊಸೀಜರ್‌ಗಳನ್ನೂ ಮಾಡಿದ್ದೇವೆ ಅಂತ ಬುಕ್‌ನಲ್ಲಿ ಬರೆದು ಸಹಿ ಹಾಕಿಸಿಕೊಂಡೆವು. ಮಾರ್ಕ್ಸ್ ಚೆನ್ನಾಗೇ ಬಂತು. ಆದರೆ ಕೆಲಸಕ್ಕೆ ಸೇರಿದ ಮೇಲೆ ನರ ಸಿಗದೆ ಕೈ ನಡುಗುತ್ತಿತ್ತು, ಟ್ರೈನಿ ಸಂಬಳದಲ್ಲೇ ಎಷ್ಟೋ ಕಾಲ ಕಳೆಯಬೇಕಾಯಿತು.

ಇನ್ನು ಡಾಕ್ಟರ್ ಹೇಳಿದ್ದನ್ನು ಮಾಡುವ ಕೆಲಸ ಅಂದ್ರಲ್ಲ, ಅದನ್ನು ನಾನು ಖಂಡಿತ ಒಪ್ಪಲ್ಲ.

ಊರ ಕಡೆ ವಾಪಸ್ ಬಂದು ಒಂದು ಆಸ್ಪತ್ರೆಗೆ ಸೇರಿದ್ದೆ. ಮಂಗನ ಕಾಯಿಲೆ ಸೀಸನ್. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದ ಕಾಯಿಲೆ, ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಬರುತ್ತದೆ, ನಿಮಗೆ ಹೇಳಬೇಕಿಲ್ಲ. ದರಗು, ಅಂದರೆ ಒಣಗಿದ ಎಲೆ ತರಲು ಕಾಡಿಗೆ ಹೋಗಿದ್ದ ಒಬ್ಬರು ಜ್ವರ, ಮೈಕೈ ನೋವು ಅಂತ ದಾಖಲಾಗಿದ್ದರು. ನೋವಿಗೆ ಸೊಂಟಕ್ಕೆ ಕೊಡುವ ಇಂಜೆಕ್ಷನ್ ಬೆಳಿಗ್ಗೆಯೇ ಬರೆದಿತ್ತು. ರಾತ್ರಿ ಸಿರಿಂಜ್ ಹಿಡಿದು ಹೊರಟೆ. ಹಿರಿಯ ಸಿಸ್ಟರ್ ತಡೆದರು. “ಸಂಜೆ ಬಂದ ಪ್ಲೇಟ್‌ಲೆಟ್ ರಿಪೋರ್ಟ್ ನೋಡಿದ್ಯೇನೇ?”

ನೋಡಿರಲಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳಾದ ಪ್ಲೇಟ್‌ಲೆಟ್ ತುಂಬಾ ಇಳಿದಿತ್ತು. ಹಾಗಿರುವಾಗ ಸ್ನಾಯುವಿಗೆ ಚುಚ್ಚಿದರೆ ಒಳಗೇ ರಕ್ತ ಸೋರಬಹುದು, ಆ ನೋವಿನ ಔಷಧಿಯಿಂದಲೂ ರಕ್ತಸ್ರಾವದ ಅಪಾಯ ಜಾಸ್ತಿ. ಅವರೇ ಡಾಕ್ಟರಿಗೆ ಫೋನ್ ಮಾಡಿ ಪ್ಯಾರಾಸಿಟಮಾಲ್‌ಗೆ ಬದಲಾಯಿಸಿಕೊಂಡರು. ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ವಸಡು ನೋಡಿದರು, ಮಲ ಕಪ್ಪಗೆ ಹೋಗ್ತಿದೆಯಾ ಅಂತ ವಿಚಾರಿಸಿದರು. ಡಿಸ್ಚಾರ್ಜ್ ದಿನ ಮನೆಯವರನ್ನು ಕೂರಿಸಿಕೊಂಡು, ಬಿಟ್ಟ ಜ್ವರ ಒಂದೆರಡು ವಾರ ಬಿಟ್ಟು ಮತ್ತೆ ಬರಬಹುದು, ತಲೆನೋವು ಜೋರಾದರೆ, ಕುತ್ತಿಗೆ ಬಿಗಿದರೆ, ಮಾತು ತಡವರಿಸಿದರೆ ತಕ್ಷಣ ಕರೆತನ್ನಿ ಅಂತ ಹೇಳಿದರು. ಅವರು ಜಿಎನ್‌ಎಂ. ಬಿಎಸ್ಸಿ ಓದಿದ್ದು ನಾನು. ವಾರ್ಡಿನಲ್ಲಿ ಒಬ್ಬ ಒಳ್ಳೆ ಟೀಚರ್ ಪಕ್ಕದಲ್ಲಿ ನಿಂತು ಕಲಿಸಿದ್ದರೆ ನನಗೂ ಇದು ಗೊತ್ತಿರುತ್ತಿತ್ತು.

1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬದಲಿಗೆ 2023ರಲ್ಲಿ ಹೊಸ ಕಾಯ್ದೆ ಬಂತು. ಬರಲಿ, ಒಳ್ಳೆಯದೇ. ಆದರೆ ಎಷ್ಟೋ ಕಡೆ ಪಾಠ ಮಾಡುವವರು ವಾರ್ಡಿಗೆ ಬರಲ್ಲ, ವಾರ್ಡಿನ ಹಿರಿಯ ಸಿಸ್ಟರ್‌ಗೆ ಕಲಿಸಲು ಪುರುಸೊತ್ತು ಕೊಡಲ್ಲ. ಇದು ಸರಿಯಾಗದೆ ನರ್ಸಿಂಗ್ ಮೇಲೆ ಬರಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಮಗೆ ಆಗುವುದಾದರೆ ಬಿಎಸ್ಸಿಯನ್ನೇ ಮಾಡಿ. ಜಿಎನ್‌ಎಂ ಮಾಡಿ ಆಮೇಲೆ ಡಿಗ್ರಿ ಬೇಕು ಅಂದರೆ ಪೋಸ್ಟ್ ಬೇಸಿಕ್ ಬಿಎಸ್ಸಿಗೆ (ಜಿಎನ್‌ಎಂ ಆದವರು ಮಾಡುವ ಡಿಗ್ರಿ) ಇನ್ನೂ 2 ವರ್ಷ ಹೋಗುತ್ತದೆ. ಆದರೆ ರೋಗಿಗಳೇ ಇಲ್ಲದ ಕಡೆ ಬಿಎಸ್ಸಿ ಓದುವುದಕ್ಕಿಂತ ತುಂಬಿದ ಆಸ್ಪತ್ರೆಯಲ್ಲಿ ಜಿಎನ್‌ಎಂ ಎಷ್ಟೋ ಮೇಲು. ಬೆಂಗಳೂರೇ ಆಗಬೇಕು ಅಂತೇನಿಲ್ಲ. ಒಂದು ಬೆಳಿಗ್ಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಯೂನಿಫಾರ್ಮ್‌ನಲ್ಲಿರುವ ನರ್ಸಿಂಗ್ ಹುಡುಗಿಯರು ಕಂಡರೆ ಮಾತಾಡಿಸಿ. ಯಾವ ಕಾಲೇಜು, ಟೀಚರ್ ಜೊತೆಗೆ ಇರ್ತಾರಾ, ನಿಮ್ಮ ಕೈಯಲ್ಲೇ ಮಾಡಿಸ್ತಾರಾ ಅಂತ ಕೇಳಿ. ಏಜೆಂಟ್ ಹೇಳಿದ ಕಾಲೇಜಿನ ಆಸ್ಪತ್ರೆಗೂ ಹೇಳದೆ ಕೇಳದೆ ಹೋಗಿ ಬನ್ನಿ. ಅಲ್ಲಿಯವರೆಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಕೈಗೆ ಕೊಡಬೇಡಿ.